ಹಾಸ್ಟೆಲಿನ ಮಕ್ಕಳೊಡನೆ ಎರಡು ದಿನ

ನಮ್ಮ ಹಿರಿಯರು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳನ್ನು ಬಿಟ್ಟು ಮುಂಬಯಿಗೆ ಬಂದುದು ಹೊಟ್ಟೆಪಾಡಿಗಾಗಿ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರ ಚರಿತ್ರೆ ಈ ಸಂಚಿಕೆಯ ಓದುಗರಿಗೆ ಹೊಸತಲ್ಲ. ಈಗ ಕಾಲಚಕ್ರ ಬೇರೊಂದು ಬಗೆಯಾಗಿ ತಿರುಗಿದೆ. ಆ ಹಿರಿಯರ ಮೊಮ್ಮಕ್ಕಳಲ್ಲಿ ಹಲವರು ಉಚ್ಚ ವಿದ್ಯಾಭ್ಯಾಸಕ್ಕಾಗಿ ಮಣಿಪಾಲಕ್ಕೋ ಸುರತ್ಕಲ್ಲಿಗೋ ಹೋಗಿ ಹಾಸ್ಟೆಲುಗಳಲ್ಲಿ ನೆಲೆಸುತ್ತಿದ್ದಾರೆ. ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದರು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾಯಿತು. ಅಜ್ಜ ವಿದ್ಯೆಯಿಲ್ಲದೆ ಬಿಟ್ಟುಬಂದ ನೆಲಕ್ಕೆ ಮೊಮ್ಮಗಳು ವಿದ್ಯೆಗಾಗಿ ಮರಳುವುದು ಸಂತೋಷದ ಸಂಗತಿಯೇ ಸರಿ.

ಆದರೆ ಇದರಿಂದ ಒಂದೇ ಕುಟುಂಬವು ಮೂರು ಕಡೆ ಹಂಚಿಹೋಗುತ್ತದೆ. ತಂದೆತಾಯಿ ಮುಂಬಯಿಯಲ್ಲಿ, ಅಜ್ಜ ಅಜ್ಜಿ ಊರಿನಲ್ಲಿ, ಮಗಳು ಹಾಸ್ಟೆಲಿನಲ್ಲಿ. ಪ್ರತಿದಿನ ದೂರವಾಣಿಯಲ್ಲಿ ಮಾತನಾಡುತ್ತೇವೆ, ಮುಖವನ್ನೂ ನೋಡುತ್ತೇವೆ, ಆದರೂ “ಊಟ ಆಯಿತೇ?” ಎಂಬ ಪ್ರಶ್ನೆಗೆ “ಆಯಿತು” ಎಂಬ ಉತ್ತರ ಬಂದ ಮೇಲೆ ಮಾತು ಮುಂದುವರಿಯುವುದು ಕಡಮೆ. ಮಕ್ಕಳ ನಿಜಸ್ಥಿತಿಯನ್ನು ತಿಳಿಯಬೇಕಾದರೆ ಅವರಿರುವಲ್ಲಿಗೆ ಹೋಗಿ ಅವರೊಡನೆ ಎರಡು ದಿನ ಇರುವುದೇ ಉತ್ತಮ ಮಾರ್ಗ.

ಅಮೆರಿಕದ ಕಾಲೇಜುಗಳಲ್ಲಿ ಇದಕ್ಕಾಗಿಯೇ ಒಂದು ಸಂಪ್ರದಾಯವಿದೆ. ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ನವೆಂಬರಿನೊಳಗಿನ ಯಾವುದಾದರೊಂದು ವಾರಾಂತ್ಯವನ್ನು ‘ಫ್ಯಾಮಿಲಿ ವೀಕೆಂಡ್’ ಎಂದು ಗೊತ್ತುಪಡಿಸಿ, ವಿದ್ಯಾರ್ಥಿಗಳ ತಂದೆತಾಯಿಗಳನ್ನೂ ಬಂಧುಗಳನ್ನೂ ಆಹ್ವಾನಿಸುತ್ತಾರೆ. ಅಧ್ಯಾಪಕರ ಉಪನ್ಯಾಸ, ಸಹಭೋಜನ, ಸಂಗೀತ, ಫುಟ್‌ಬಾಲ್ ಪಂದ್ಯ ಇವೆಲ್ಲವನ್ನೂ ಕಾಲೇಜೇ ಏರ್ಪಡಿಸುತ್ತದೆ. ನಮ್ಮ ಬಹುಪಾಲು ಕಾಲೇಜುಗಳು ಪಾಲಕರನ್ನು ಕರೆಯುವುದು ಪ್ರವೇಶದ ದಿನ ಮತ್ತು ಘಟಿಕೋತ್ಸವದ ದಿನ ಮಾತ್ರ. ಆದುದರಿಂದ ನಡುವಣ ಭೇಟಿಯ ಯೋಜನೆಯನ್ನು ಕುಟುಂಬವೇ ಹಾಕಿಕೊಳ್ಳಬೇಕು. ಮಣಿಪಾಲವನ್ನು ಉದಾಹರಣೆಯಾಗಿಟ್ಟುಕೊಂಡು ಈ ಯೋಜನೆಯ ಕೆಲವು ಅಂಶಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ದಿನದ ಆಯ್ಕೆ

ಮೊದಲು ನೋಡಬೇಕಾದುದು ಮಕ್ಕಳ ಅನುಕೂಲ. ನಮ್ಮ ರಜೆಯ ವಿಚಾರ ಅನಂತರದ್ದು. ಪರೀಕ್ಷೆಗೆ ಮುಂಚಿನ ಎರಡು ವಾರಗಳಲ್ಲಿ ಯಾರೂ ಹೋಗಬಾರದು. ಕಾಲೇಜಿನ ವೇಳಾಪಟ್ಟಿಯನ್ನು ಮಗಳಿಂದಲೇ ತರಿಸಿಕೊಂಡು, ಆಕೆ ಒಪ್ಪಿದ ವಾರವನ್ನೇ ಗೊತ್ತುಮಾಡುವುದು ಲೇಸು. ಹೇಳದೆ ಕೇಳದೆ ಹೋಗಿ ಆಶ್ಚರ್ಯಪಡಿಸುವ ಹವ್ಯಾಸ ಕೆಲವರಿಗಿದೆ. ಅದು ಭೇಟಿಗಿಂತ ಹೆಚ್ಚಾಗಿ ತಪಾಸಣೆಯಂತೆ ಕಾಣುತ್ತದೆ.

ಮಳೆಗಾಲದಲ್ಲಿ ಕೊಂಕಣ ರೈಲು ಮಾರ್ಗದ ಗಾಡಿಗಳು ಕಡಮೆ ವೇಗದ ವಿಶೇಷ ವೇಳಾಪಟ್ಟಿಯಂತೆ ಓಡುತ್ತವೆ. ಹಿರಿಯರೊಡನೆ ಪ್ರಯಾಣ ಮಾಡುವವರಿಗೆ ಮಳೆ ನಿಂತ ಮೇಲಿನ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಆದರೆ ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ಮಹೋತ್ಸವ ನಡೆಯುವುದರಿಂದ ಆ ದಿನಗಳಲ್ಲಿ ಕೋಣೆ ದೊರಕುವುದು ದುರ್ಲಭ.

ಬ್ಯಾಂಕಿನಲ್ಲಿರುವ ನನ್ನಂಥವರಿಗೆ ಇನ್ನೊಂದು ಸೌಕರ್ಯವಿದೆ. 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜಾ ದಿನಗಳು. ಶುಕ್ರವಾರ ಅರ್ಧ ದಿನದ ರಜೆ ಪಡೆದು ಅಪರಾಹ್ನ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಏರಿದರೆ ಶನಿವಾರ ಬೆಳಗಿನ ಜಾವ ಉಡುಪಿಯಲ್ಲಿರುತ್ತೇವೆ. ಭಾನುವಾರ ಅಪರಾಹ್ನ ಅಲ್ಲಿಂದ ಹೊರಟರೆ ಸೋಮವಾರ ಬೆಳಿಗ್ಗೆ ಮುಂಬಯಿ. ಉಡುಪಿಯ ರೈಲು ನಿಲ್ದಾಣವು ಇಂದ್ರಾಳಿಯಲ್ಲಿ, ಉಡುಪಿಗೂ ಮಣಿಪಾಲಕ್ಕೂ ನಡುವೆ ಇರುವುದರಿಂದ ಮುಂದಿನ ಹಾದಿ ಅಲ್ಪವೇ.

ಟಿಕೇಟಿನ ವಿಷಯದಲ್ಲಿ ಎರಡು ಬದಲಾವಣೆಗಳನ್ನು ಗಮನಿಸಬೇಕು. ಮುಂಗಡ ಕಾದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಹಿರಿಯ ನಾಗರಿಕರಿಗಿದ್ದ ದರದ ರಿಯಾಯತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಲಾಯಿತು. ಆದರೆ 60 ವರ್ಷ ದಾಟಿದ ಪುರುಷರಿಗೂ 45 ವರ್ಷ ದಾಟಿದ ಸ್ತ್ರೀಯರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಟಿಕೇಟು ಪಡೆಯುವಾಗಲೇ ಅದನ್ನು ಆರಿಸಿಕೊಳ್ಳಬೇಕು.

ಯಾರು ಯಾರು?

ನಮ್ಮಲ್ಲಿ ಒಬ್ಬರು ಹೊರಟರೆಂದರೆ ಹತ್ತು ಮಂದಿ ಕೂಡಿಕೊಳ್ಳುವುದು ವಾಡಿಕೆ. ಸೋದರಮಾವ, ಚಿಕ್ಕಮ್ಮ, ಅವರ ಮಕ್ಕಳು, “ಹೇಗೂ ಉಡುಪಿಗೆ ಹೋಗುತ್ತೀರಲ್ಲ” ಎಂದು ಜೊತೆಯಾಗುವ ನೆರೆಮನೆಯವರು. ಪ್ರೀತಿಯಿಂದ ಬರುವವರನ್ನು ಬೇಡವೆನ್ನುವುದು ಕಷ್ಟ. ಆದರೆ ಹತ್ತು ಜನರ ನಡುವೆ ಮಗಳಿಗೆ ತಾಯಿಯೊಡನೆ ಗುಟ್ಟಾಗಿ ಎರಡು ಮಾತನಾಡಲು ಅವಕಾಶವೇ ಸಿಗದು. ತಂದೆತಾಯಿ, ಅಜ್ಜ ಅಜ್ಜಿ ಮತ್ತು ಮಗಳು ತಾನೇ ಕರೆದ ಒಬ್ಬಿಬ್ಬರು ಬಂಧುಗಳು, ಇಷ್ಟು ಸಾಕು. ಉಳಿದವರನ್ನು ಭಾನುವಾರ ಮಧ್ಯಾಹ್ನದ ಊಟಕ್ಕೆ ಮಾತ್ರ ಆಹ್ವಾನಿಸಿದರೆ ಯಾರಿಗೂ ಬೇಸರವಾಗದು.

ಮಗಳ ಕೋಣೆಯ ಸಂಗಾತಿಯನ್ನು ಒಂದು ಹೊತ್ತಿನ ಊಟಕ್ಕೆ ತಪ್ಪದೆ ಕರೆಯಬೇಕು. ದೂರದ ರಾಜ್ಯದಿಂದ ಬಂದ ಆ ಹುಡುಗಿಯ ಮನೆಯವರು ವರ್ಷದಲ್ಲಿ ಒಮ್ಮೆಯೂ ಬರಲಾರದೆ ಇರಬಹುದು. ನಮ್ಮ ಮಕ್ಕಳಿಗೆ ಅಪರಾತ್ರಿಯಲ್ಲಿ ಜ್ವರ ಬಂದರೆ ಮೊದಲು ನೀರು ಕೊಡುವವಳು ಅವಳೇ.

ಕಾರ್ಯಕ್ರಮ ಹಗುರವಾಗಿರಲಿ

ಉಡುಪಿಯ ಮಠ, ಮಲ್ಪೆಯ ಕಡಲತೀರ, ಸೇಂಟ್ ಮೇರೀಸ್ ದ್ವೀಪ, ಕಾರ್ಕಳದ ಗೊಮ್ಮಟ, ಕೊಲ್ಲೂರು ಇವೆಲ್ಲವನ್ನೂ ಎರಡು ದಿನಗಳಲ್ಲಿ ಮುಗಿಸಹೊರಟರೆ ಹಿರಿಯರು ಬಳಲುತ್ತಾರೆ, ಮಗಳು ಮಾರ್ಗದರ್ಶಕಿಯ ಕೆಲಸ ಮಾಡಿ ದಣಿಯುತ್ತಾಳೆ. ದ್ವೀಪದ ದೋಣಿಯನ್ನು ಹತ್ತಿಳಿಯುವುದೂ ಕಾರ್ಕಳದ ಬೆಟ್ಟದ ಮೆಟ್ಟಿಲುಗಳೂ ಮಂಡಿನೋವಿನವರಿಗೆ ಹೇಳಿದವಲ್ಲ. ದಿನಕ್ಕೆ ಒಂದು ಸ್ಥಳಕ್ಕಿಂತ ಹೆಚ್ಚು ಬೇಡ.

ಶನಿವಾರ ಬೆಳಿಗ್ಗೆ ಸ್ನಾನ, ಉಪಾಹಾರ, ವಿಶ್ರಾಂತಿ. ಊರಿನಿಂದ ಬರುವ ಹಿರಿಯರು ಹತ್ತು ಹನ್ನೊಂದರ ಹೊತ್ತಿಗೆ ಬಂದು ಸೇರಲಿ. ಹಾಸ್ಟೆಲಿನ ನಿಯಮಗಳನ್ನು ಮೊದಲೇ ವಾರ್ಡನ್ನರಲ್ಲಿ ವಿಚಾರಿಸಿ, ಅನುಮತಿಯಿದ್ದರೆ ಮಧ್ಯಾಹ್ನ ಮೆಸ್ಸಿನಲ್ಲಿಯೇ ಊಟ ಮಾಡುವುದು ಒಳ್ಳೆಯದು. ಮಗಳು ದಿನವೂ ಉಣ್ಣುವ ಅನ್ನ ಎಂಥದೆಂಬುದು ಒಂದೇ ತುತ್ತಿನಲ್ಲಿ ತಿಳಿಯುತ್ತದೆ. ಎರಡರಿಂದ ನಾಲ್ಕರವರೆಗೆ ಹಿರಿಯರಿಗೆ ಕಡ್ಡಾಯವಾಗಿ ವಿಶ್ರಾಂತಿ. ಬಿಸಿಲು ಇಳಿದ ಮೇಲೆ ತರಗತಿ, ಗ್ರಂಥಾಲಯ, ಆಟದ ಬಯಲು ಇವುಗಳನ್ನು ಮಗಳು ತೋರಿಸಲಿ. ಸಂಜೆ ಸ್ವರ್ಣಾ ನದಿಯ ಕಣಿವೆಯ ಮೇಲಿರುವ ‘ಎಂಡ್ ಪಾಯಿಂಟ್’ ಉದ್ಯಾನದಲ್ಲಿ ಕುಳಿತುಕೊಳ್ಳಬಹುದು. ರಾತ್ರಿ ಎಂಟರೊಳಗೆ ಊಟ ಮುಗಿಯಬೇಕು.

ಭಾನುವಾರ ಬೆಳಿಗ್ಗೆ ಕೃಷ್ಣದರ್ಶನ. ಅನಂತರ ಅಜ್ಜ ಅಜ್ಜಿಯರೊಡನೆ ಬಂಧುಗಳು ಇರುವಾಗ, ತಂದೆತಾಯಿ ಮಗಳೊಡನೆ ಒಂದು ಗಂಟೆ ಪ್ರತ್ಯೇಕವಾಗಿ ಕಳೆಯಬೇಕು. ಇಡೀ ಭೇಟಿಯಲ್ಲಿ ಬೇರೆ ಏನನ್ನು ಬಿಟ್ಟರೂ ಈ ಒಂದು ಗಂಟೆಯನ್ನು ಬಿಡಬಾರದು.

ಹಿರಿಯರ ಆರೋಗ್ಯ

ಔಷಧಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಕೈಚೀಲದಲ್ಲಿಯೂ ಇನ್ನೊಂದನ್ನು ಪೆಟ್ಟಿಗೆಯಲ್ಲಿಯೂ ಇಡಬೇಕು. ವೈದ್ಯರ ಚೀಟಿಯ ಪ್ರತಿಯೊಂದು ಜೊತೆಗಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಮಧುಮೇಹಿಗಳಿಗೆ ಊಟದ ಹೊತ್ತು ತಪ್ಪುವುದೇ ಪ್ರಯಾಣದ ದೊಡ್ಡ ಅಪಾಯ. ಹಠಾತ್ತನೆ ಬೆವರು, ನಡುಕ, ಮಾತಿನಲ್ಲಿ ಗೊಂದಲ ಕಾಣಿಸಿಕೊಂಡರೆ ರಕ್ತದ ಸಕ್ಕರೆ ಕುಸಿದಿರಬಹುದು. ಎಚ್ಚರವಿರುವವರಿಗೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ 108ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಬೇಕು.

ರೈಲಿನಲ್ಲಿ ಎಚ್ಚರವಿರುವಷ್ಟು ಹೊತ್ತು ಒಂದೆರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು ಕಾಲುಗಳ ರಕ್ತಸಂಚಾರಕ್ಕೆ ಒಳ್ಳೆಯದು. ಕರಾವಳಿಯ ಸೆಕೆಯಲ್ಲಿ ಬೆವರು ಹೆಚ್ಚು. ಆಗಾಗ ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಮಿತಿಯನ್ನು ಪಾಲಿಸಲಿ. ತಂಗುವ ಕೋಣೆ ನೆಲ ಅಂತಸ್ತಿನಲ್ಲಿದೆಯೇ, ಇಲ್ಲವಾದರೆ ಲಿಫ್ಟ್ ಇದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಮಕ್ಕಳ ಆರೋಗ್ಯ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕುಟುಂಬದ ಹುಡುಗಿಯೊಬ್ಬಳು ಮೊದಲ ವರ್ಷದಲ್ಲಿ ಓದುತ್ತಿದ್ದಾಗ ನಾವೆಲ್ಲರೂ ಹೀಗೆ ಸೇರಿದ್ದೆವು. ಅವಳ ತಂದೆ ಅಂಕಗಳನ್ನು ವಿಚಾರಿಸಿದರು, ನಾನು ಹಾಸ್ಟೆಲಿನ ಶುಲ್ಕವನ್ನು ವಿಚಾರಿಸಿದೆ. ಎಲ್ಲಕ್ಕೂ ಅವಳು ಚುಟುಕಾಗಿ, ಸರಿಯಾಗಿಯೇ ಉತ್ತರ ಕೊಟ್ಟಳು. ಕುಂದಾಪುರದ ಕಡೆಯ ಹಳ್ಳಿಯಿಂದ ಬಂದಿದ್ದ ಅವಳ ಅಜ್ಜಿ ಮಾತ್ರ ಮೊಮ್ಮಗಳ ಮಣಿಕಟ್ಟನ್ನು ಹಿಡಿದುಕೊಂಡು, “ರಾತ್ರಿ ಎಷ್ಟ್ ಗಂಟಿಗ್ ಮನಿಕಂತೆ ಹೆಣೆ?” ಎಂದು ಕೇಳಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ಗಂಟೆಗೂ ನಿದ್ದೆ ಬರುವುದಿಲ್ಲವೆಂದೂ, ಬೆಳಿಗ್ಗೆ ಏಳಲಾಗದೆ ಉಪಾಹಾರವನ್ನು ಬಿಟ್ಟು ತಿಂಗಳಾಯಿತೆಂದೂ ಹೇಳಿ ಅತ್ತುಬಿಟ್ಟಳು. ಶಾಲೆಯಲ್ಲಿ ಸದಾ ಮೊದಲಿಗಳಾಗಿದ್ದವಳಿಗೆ ಇಲ್ಲಿ ನಡುವಿನವಳಾಗಿರುವುದು ಸಹಿಸಲಾಗದ ವ್ಯಥೆಯಾಗಿತ್ತು. ಅಜ್ಜಿ ಉಪದೇಶವನ್ನೇನೂ ಮಾಡಲಿಲ್ಲ, ಕೈಯನ್ನೂ ಬಿಡಲಿಲ್ಲ. ಮರುವಾರ ಅವಳು ಮನೋವೈದ್ಯರನ್ನು ಕಂಡಳು. ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಂಡಳು.

ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರಿಗೆ ರಾತ್ರಿ ಏಳರಿಂದ ಒಂಬತ್ತು ಗಂಟೆಗಳ ನಿದ್ದೆ ಬೇಕೆಂಬುದು ತಜ್ಞರ ಅಭಿಮತ. ನಿದ್ದೆ ಕೆಡುವುದು ಅಥವಾ ಮಿತಿಮೀರುವುದು, ಹಸಿವು ಕುಗ್ಗುವುದು, ಗೆಳೆಯರಿಂದ ದೂರವಾಗುವುದು, ಪ್ರಿಯವಾಗಿದ್ದ ಹಾಡು ಆಟಗಳಲ್ಲಿಯೂ ಆಸಕ್ತಿ ತಪ್ಪುವುದು, ಇಂಥ ಚಿಹ್ನೆಗಳು ಎರಡು ವಾರಗಳಿಗಿಂತ ಹೆಚ್ಚು ಉಳಿದರೆ ಅದನ್ನು ಸೋಮಾರಿತನವೆಂದು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. “ಬದುಕೇ ಬೇಡವೆಂದು ಎಂದಾದರೂ ಅನಿಸಿದೆಯೇ?” ಎಂದು ನೇರವಾಗಿ ಕೇಳಲು ತಂದೆತಾಯಿಗಳು ಅಂಜುತ್ತಾರೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂದೂ, ಕೇಳಿದರೆ ಮನಸ್ಸಿನ ಭಾರ ಇಳಿಯಲು ದಾರಿಯಾಗುತ್ತದೆಂದೂ ಮನೋವೈದ್ಯರು ಹೇಳುತ್ತಾರೆ. ಹೌದೆಂಬ ಉತ್ತರ ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲಿ ಬರೆಸಿಡುವುದು ಒಳ್ಳೆಯದು.

ಆ ಒಂದು ಗಂಟೆಯಲ್ಲಿ ಅಂಕಗಳ ಪ್ರಶ್ನೆಯನ್ನು ಕೊನೆಗೆ ಇಡಿ. ನಿದ್ದೆ, ಊಟ, ಗೆಳೆತನ ಇವುಗಳ ವಿಚಾರ ಮೊದಲು ಬರಲಿ. ನೆರೆಮನೆಯ ಹುಡುಗನ ಹೋಲಿಕೆ ಮಾತ್ರ ಎಲ್ಲಿಯೂ ಬರಕೂಡದು.

ಸ್ವಲ್ಪ ಲೆಕ್ಕಾಚಾರ

ಹಣದ ಮಾತಿಗೆ ಹತ್ತು ನಿಮಿಷ ಸಾಕು. ತಿಂಗಳ ಖರ್ಚಿಗೆ ಕಳುಹಿಸುವುದು ಸಾಲುತ್ತದೆಯೇ, ಗೆಳೆಯರಿಗೆ ಕೊಡುವ ಬಾಕಿಯೇನಾದರೂ ಇದೆಯೇ ಎಂದು ಸಮಾಧಾನದಿಂದ ಕೇಳಬೇಕು. ಬ್ಯಾಂಕಿನವನಾಗಿ ಒಂದು ಎಚ್ಚರಿಕೆಯನ್ನು ಹೇಳದಿರಲಾರೆ. ಕಮಿಷನ್ನಿನ ಆಸೆ ತೋರಿಸಿ ವಿದ್ಯಾರ್ಥಿಗಳ ಖಾತೆಯನ್ನೂ ಎ.ಟಿ.ಎಂ. ಕಾರ್ಡನ್ನೂ ‘ಬಾಡಿಗೆಗೆ’ ಕೇಳುವ ವಂಚಕರಿದ್ದಾರೆ. ಮೋಸದ ಹಣ ಆ ಖಾತೆಯ ಮೂಲಕ ಹರಿದರೆ ಪೋಲೀಸರು ಮೊದಲು ಹುಡುಕುವುದು ಖಾತೆದಾರನನ್ನೇ. ತಾವೇ ವಂಚನೆಗೆ ಒಳಗಾದಲ್ಲಿ ತಡಮಾಡದೆ 1930ಕ್ಕೆ ದೂರು ಕೊಡಬೇಕೆಂಬುದನ್ನು ಮಕ್ಕಳಿಗೆ ತಿಳಿಸಿರಬೇಕು.

ಭೇಟಿಯ ಖರ್ಚನ್ನು ಪ್ರಯಾಣ, ವಸತಿ, ಊಟ, ಸ್ಥಳೀಯ ವಾಹನ ಎಂದು ನಾಲ್ಕು ಬಾಬುಗಳಾಗಿ ಮೊದಲೇ ಬರೆದುಕೊಂಡು, ಒಟ್ಟಿನ ಹತ್ತರಲ್ಲೊಂದು ಪಾಲನ್ನು ಆಕಸ್ಮಿಕಕ್ಕೆಂದು ಸೇರಿಸಿಟ್ಟರೆ ಪರಸ್ಥಳದಲ್ಲಿ ಪರದಾಡಬೇಕಾಗಿಲ್ಲ. ಕುಟುಂಬದ ದೊಡ್ಡವರಲ್ಲಿ ಒಬ್ಬರೇ ಲೆಕ್ಕ ನೋಡಿಕೊಳ್ಳುವುದು ಅನುಕೂಲ. ಹೋಟೆಲಿನಲ್ಲಿ ಬಿಲ್ಲಿಗಾಗಿ ನಾ ಕೊಡುತ್ತೇನೆ, ತಾ ಕೊಡುತ್ತೇನೆ ಎಂಬ ಎಳೆದಾಟವೂ ತಪ್ಪುತ್ತದೆ.

ಹಿಂದಿರುಗಿ ಬಂದ ಮೇಲೂ ಕೆಲಸ ಮುಗಿದಂತಲ್ಲ. ಭೇಟಿಯಲ್ಲಿ ಕಂಡ ಒಂದು ಕೊರತೆಯನ್ನಾದರೂ, ಅದು ಹೊಸ ಹಾಸಿಗೆಯಿರಲಿ, ಹಲ್ಲಿನ ವೈದ್ಯರ ಭೇಟಿಯಿರಲಿ, ಆ ತಿಂಗಳೊಳಗೆ ಸರಿಪಡಿಸಿದರೆ ತಾನು ಹೇಳಿದ್ದು ಹಿರಿಯರ ಕಿವಿಗೆ ಬಿದ್ದಿದೆ ಎಂಬ ನಂಬಿಕೆ ಮಗುವಿಗೆ ಬರುತ್ತದೆ. ಮುಂದಿನ ಸಲ ದೂರವಾಣಿಯಲ್ಲಿ “ಊಟ ಆಯಿತೇ?” ಎಂದು ಕೇಳಿದಾಗ ನಿಜವಾದ ಉತ್ತರ ದೊರಕುವುದು ಆ ನಂಬಿಕೆಯಿಂದ. ಈ ವರ್ಷ ಮಕ್ಕಳನ್ನು ಹಾಸ್ಟೆಲಿಗೆ ಕಳುಹಿಸಿರುವ ನಮ್ಮ ಸಂಘದ ಬಂಧುಗಳು ವೇಳಾಪಟ್ಟಿಯನ್ನು ಇಂದೇ ತರಿಸಿಕೊಂಡು ದಿನವನ್ನು ಗೊತ್ತುಮಾಡಲಿ. ಟಿಕೇಟಿಗೆ ಅರುವತ್ತು ದಿನಗಳ ಗಡುವು ಇದೆಯೆಂಬುದನ್ನು ಮರೆಯದಿರಲಿ.