ಬೀಟೆಯ ಬೆನ್ನಿನ ಗಿಟಾರು

ಸಂಜೆ ಆರರ ಹೊತ್ತಿಗೆ ಮಾಕಳಿಯಲ್ಲಿ ತುಮಕೂರು ರಸ್ತೆಯ ಸದ್ದು ಕಿವಿಗಡಚಿಕ್ಕುತ್ತದೆ. ನೆಲಮಂಗಲದತ್ತ ಸಾಲುಗಟ್ಟಿದ ಲಾರಿಗಳು, ಮಾದಾವರದಲ್ಲಿ ಮೆಟ್ರೊ ಇಳಿದು ಬಸ್ಸಿಗೆ ಓಡುವವರು. ಹೆದ್ದಾರಿಯಿಂದ ತುಸು ಒಳಗೆ, ತಾರಸಿಯ ನೀರಿನ ಟ್ಯಾಂಕಿಗೆ ಒರಗಿ ಗೆಳೆಯ ಗಿಟಾರು ನುಡಿಸುತ್ತಿದ್ದಾನೆ. ಬಲಗೈಯ ಉಗುರುಗಳನ್ನಷ್ಟೇ ಉದ್ದ ಬಿಟ್ಟಿದ್ದಾನೆ. ಹೆಬ್ಬೆರಳು ಮಂದ್ರದಲ್ಲಿ ನಿಧಾನವಾಗಿ ನಡೆಯುತ್ತಿದ್ದರೆ ಮೂರು ಬೆರಳು ಮೇಲಿನ ತಂತಿಯಲ್ಲಿ ಒಂದೇ ಸ್ವರವನ್ನು ನಡುಗಿಸುತ್ತಿವೆ. ಸ್ಪೇನಿನ ತಾರೆಗಾ ಅಲ್‌ಹಂಬ್ರಾ ಅರಮನೆಯ ನೆನಪಿಗೆ ಕಟ್ಟಿದ ಕೃತಿ ಅದು.

ಮುಗಿದದ್ದೇ ಆರನೆಯ ತಂತಿಯ ಬಿರಡೆ ಸಡಿಲಿಸಿದ. ಈಗ ಅದು ನಾಲ್ಕನೆಯ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಎರಡನ್ನೂ ಮೀಟಿದರೆ ತಂಬೂರಿಯ ಶ್ರುತಿ. ಆ ಶ್ರುತಿಯ ಮೇಲೆ ಶಿಶುನಾಳ ಶರೀಫರ ತತ್ವಪದ ಶುರುವಾಯಿತು. ರಘು ದೀಕ್ಷಿತರ 2008ರ ಆಲ್ಬಮ್ಮಿನ ನಂತರ ಗಿಟಾರು ಮತ್ತು ಶರೀಫರ ಪದದ ಈ ಜೋಡಿ ಯಾರಿಗೂ ಹೊಸದಲ್ಲ. ಆದರೂ ‘ಪರದೇಶಿ ವಾದ್ಯಕ್ಕೆ ನಮ್ಮ ಪದವೇ?’ ಎನ್ನುವವರು ಇದ್ದಾರೆ. ಅವರಿಗೆ ಒಂದು ಉತ್ತರ: ಇಂದಿನ ಕ್ಲಾಸಿಕಲ್ ಗಿಟಾರಿಗೆ ಮೈಕಟ್ಟು ಕೊಟ್ಟ ಬಡಗಿ ಅಂತೋನಿಯೊ ದೆ ತೊರೆಸ್ (1817–1892) ಮತ್ತು ಶರೀಫರು (1819–1889) ಒಂದೇ ಕಾಲದಲ್ಲಿ ಉಸಿರಾಡಿದವರು.

ಅದಕ್ಕಿಂತ ದೊಡ್ಡ ಉತ್ತರ ಗಿಟಾರಿನ ಬೆನ್ನಿನಲ್ಲಿದೆ. ಗೆಳೆಯ ಅದನ್ನು ಮಗುಚಿ ತೋರಿಸಿದ: ಕಡುಕಂದು ಮೈ, ನೇರಳೆ ಗೆರೆ. ಬೀಟೆ! ಬ್ರೆಜಿಲ್‌ನ ಬೀಟೆ ದಿಮ್ಮಿಗಳು ಸಿಗದಂತಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು; 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ತಡೆ ಬಿತ್ತು. ಹೀಗೆ ಪಶ್ಚಿಮಘಟ್ಟದ ಕಾಡು ಲೋಕದ ಗಿಟಾರುಗಳ ಬೆನ್ನಾಯಿತು. ತಂತಿ ಮಿಡಿದಾಗ ನಡುಗುವುದು ಮುಂದಿನ ಹಗುರ ಸ್ಪ್ರೂಸ್ ಹಲಗೆ. ಆ ನಾದವನ್ನು ತಡೆದು, ತಿರುಗಿಸಿ, ಮಂದ್ರಕ್ಕೆ ತುಂಬು ಕೊಡುವುದು ಗಟ್ಟಿ ಬೀಟೆ. ಆ ಮರ ಬಲಿಯಲು ಒಬ್ಬ ಮನುಷ್ಯನ ಆಯುಸ್ಸು ಸಾಲದು. ಮಲೆನಾಡಿನವರಿಗೆ ಇದು ಗೊತ್ತು; ಸ್ವಂತ ತೋಟದಲ್ಲಿ ಬೆಳೆದ ಬೀಟೆಯನ್ನೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಇಂಥ ಮರವನ್ನು ಎದೆಗವಚಿಕೊಂಡವನು ಕಾಡಿನ ಮಾತಿಗೂ ಕಿವಿಗೊಡಬೇಕು ಎಂದೇ ನನ್ನ ನಂಬಿಕೆ.

ಗೆಳೆಯನೂ ಹಾಗೇ ನಂಬಿದವನು. ಬೆಳಗಿನ ಜಾವ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗುತ್ತಾನೆ, ಟಿಟ್ಟಿಭ ಹಕ್ಕಿಯ ಕೂಗು ಕೇಳಲು. ಅದನ್ನು ಮೇಲಿನ ತಂತಿಗೆ ಕೂರಿಸುವ ಯತ್ನ ನಡೆದಿದೆ.

“ಕೊನೇಲಿ ಒಂದು ಏರು ಬರುತ್ತಲ್ಲ, ಅದು ಎರಡು ಫ್ರೆಟ್ಟಿನ ನಡುವೆ ಬೀಳುತ್ತೆ ಕಣೋ,” ಎಂದ.

ಪ್ರಕಾಶ್ ಸೊಂಟಕ್ಕೆಯವರಂಥ ಹಿಂದೂಸ್ತಾನಿ ವಾದಕರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುವುದು ಆ ನಡುವಿನ ಜಾಗಕ್ಕಾಗಿಯೇ. ಇವನು ಆ ದಾರಿ ಹಿಡಿಯಲಿಲ್ಲ. ಎಡಗೈ ಬೆರಳಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಆ ಏರನ್ನು ಹುಡುಕತೊಡಗಿದ.