ಆ 60 ದಿನ

‘ನರ್ಸಿಂಗ್ ಹೋಮಿನಲ್ಲಿ ಒಂದು ಹೆಣ್ಣು ಕೂಸಿದೆ. ತಾಯಿಗೆ ಬೇಡವಂತೆ. ಆಸ್ಪತ್ರೆ ಖರ್ಚು ಕೊಟ್ಟರೆ ನಾಳೆಯೇ ಕರೆದುಕೊಂಡು ಹೋಗಬಹುದು.’ ವರ್ಷಗಟ್ಟಲೆ ಹಂಬಲಿಸಿದ ದಂಪತಿಗೆ ಇಂಥ ಫೋನು ಬಂದರೆ ದೇವರೇ ಕಣ್ಣುಬಿಟ್ಟ ಹಾಗೆ ಅನ್ನಿಸುತ್ತದೆ. ಫೋನು ಮಾಡಿದವರು ಪರಿಚಯದ ಆಯಾ ಇರಬಹುದು, ದೂರದ ನೆಂಟರೇ ಇರಬಹುದು. ಆದರೂ ಬೇಡ ಅನ್ನಬೇಕು. ಖರ್ಚಿನ ಹೆಸರಿನಲ್ಲಿ ಕೊಟ್ಟರೂ ಅದು ಮಗುವಿನ ಬೆಲೆಯೇ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಸಜೆ, ಜೊತೆಗೆ 1 ಲಕ್ಷ ರೂಪಾಯಿ ದಂಡ.

ಸಜೆಯ ಮಾತು ಹಾಗಿರಲಿ, ಆ ತಾಯಿಯನ್ನು ನೆನೆಯಿರಿ. ‘ಬೇಡ’ ಅಂದದ್ದು ಅವಳೋ, ಅವಳ ಮನೆಯವರೋ? ಹೆತ್ತ ಮೈ ಇನ್ನೂ ಹಸಿ, ಎದೆಹಾಲು ಇಳಿಯುತ್ತಿದೆ, ಸುತ್ತ ನಿಂತವರು ಅವಸರಪಡಿಸುತ್ತಿದ್ದಾರೆ. ಕಾನೂನು ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂರಿಸಿ ಮಾತಾಡಿಸುತ್ತದೆ. ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು 60 ದಿನ ಕೊಡುತ್ತದೆ. ಅಷ್ಟರೊಳಗೆ ಅವಳು ಬಂದು ‘ನನ್ನ ಕೂಸು ಕೊಡಿ’ ಅನ್ನಬಹುದು. ‘ನಾಳೆಯೇ ಬನ್ನಿ’ ಅನ್ನುವ ದಲ್ಲಾಳಿ ಕದಿಯುವುದು ಈ ದಿನಗಳನ್ನೇ.

ನೇರದಾರಿ ನಿಧಾನದ್ದು, ನಿಜ. ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಣಿ, ಸಮಾಜ ಕಾರ್ಯಕರ್ತರ ಮನೆಭೇಟಿ, ಆಮೇಲೆ ಸರದಿ. ಹಿಂದೆ ನ್ಯಾಯಾಲಯ ಕೊಡುತ್ತಿದ್ದ ದತ್ತು ಆದೇಶವನ್ನು 2022ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಮನೆಭೇಟಿಗೆ ಬಂದವರು ಸಂಬಳ, ಕಾಯಿಲೆ, ಗಂಡಹೆಂಡಿರ ಜಗಳ ಎಲ್ಲ ಕೇಳುತ್ತಾರೆ. ಅಜ್ಜಿ ಇನ್ನೂ ‘ಯಾವ ಜಾತಿಯದೋ’ ಎಂದು ಗೊಣಗುತ್ತಿದ್ದರೆ ಅದನ್ನೂ ಹೇಳಿಬಿಡಿ. ಮುಚ್ಚಿಟ್ಟರೆ ಆ ಗೊಣಗಾಟ ನಾಳೆ ಮಗುವಿನ ಕಿವಿಗೇ ಬೀಳುತ್ತದೆ. ಸರದಿ ಬಂದಾಗ ಮಗುವಿನ ಫೋಟೋ, ಆರೋಗ್ಯ ವರದಿ ನೋಡಿ ನಿರ್ಧರಿಸಲು ಸಿಗುವುದು 48 ಗಂಟೆ. ಆ ಹೊತ್ತಿನಲ್ಲಿ ಫೋಟೋವನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿ ಬಣ್ಣ, ಮೂಗು ವಿಮರ್ಶೆ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ಇನ್ನೂ ಯಾರ ಮಡಿಲೂ ಸೇರದ ಕೂಸು.

ಇನ್ನು ದತ್ತಿನ ಸಂಗತಿಯನ್ನು ಮಗುವಿಗೆ ಹೇಳುವ ವಿಚಾರ. ಊರು ಬದಲಿಸಿ, ಹೊಟ್ಟೆಗೆ ಬಟ್ಟೆ ಕಟ್ಟಿ ಬಸಿರಿಯಂತೆ ಓಡಾಡಿ ಗುಟ್ಟು ಕಾಪಾಡಲು ಹೋದವರುಂಟು. ಗುಟ್ಟು ಯಾವುದೋ ಮದುವೆಮನೆಯ ಊಟದ ಸಾಲಿನಲ್ಲಿ ಒಡೆಯುತ್ತದೆ. ಕರ್ಣನಿಗೆ ಹುಟ್ಟಿನ ಗುಟ್ಟು ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ, ಅದೂ ತಮ್ಮ ಕೆಲಸಕ್ಕಾಗಿ ಬಂದವರ ಬಾಯಿಂದ, ಸಾಕಿದ ತಾಯಿ ರಾಧೆಯಿಂದಲ್ಲ. 18 ತುಂಬಿದ ಮೇಲೆ ತನ್ನ ಬೇರು ಹುಡುಕಿಕೊಡಿ ಎಂದು ಕೇಳುವ ಅವಕಾಶ ದತ್ತುಮಗುವಿಗೆ ಇದೆ. ಆ ದಿನ ಜೊತೆಗಿರಬೇಕಾದವರು ಸಾಕಿದವರೇ.

ಹೇಳಲು ಪ್ರಾಯ ಬರಲಿ ಎಂದು ಕಾಯಬೇಕಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ, ಮಗು ದತ್ತು ಕೇಂದ್ರದಿಂದ ಬಂದ ದಿನ ತೊಟ್ಟಿದ್ದ ಅಂಗಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಮೂರು ವರ್ಷದ ಹುಡುಗಿ ಅದನ್ನು ಗೊಂಬೆಗೆ ತೊಡಿಸಿ, ‘ಇದು ನಾನು ಬಂದ ದಿನದ್ದು’ ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ಕೊರಳಪಟ್ಟಿಯ ಒಳಗೆ ಕೇಂದ್ರದ ಆಯಾ ಗುರುತಿಗೆಂದು ಹೊಲಿದ ಕೆಂಪು ದಾರ ಇನ್ನೂ ಹಾಗೇ ಇದೆ.