ಬಿಸಿಲ ನಾಡಿನಲ್ಲಿ ಮಳೆಯ ವಿಷಾದ

ವರನಟ ಡಾ. ರಾಜಕುಮಾರರು 2006ರ ಏಪ್ರಿಲ್ 12ರಂದು ಕಾಲವಶರಾದಾಗ, ಅಭಿನಯ ಗಾಯನಗಳೆರಡನ್ನೂ ಒಂದೇ ಜೀವದಲ್ಲಿ ಧರಿಸಿದ್ದ ಆ ಮಹಾಕಂಠದ ಅನಂತರ ಕನ್ನಡ ಚಿತ್ರಗೀತೆಗೆ ಯಾವುದು ದಾರಿ ಎಂಬ ಚಿಂತೆ ರಸಿಕರ ಮನಸ್ಸಿನಲ್ಲಿ ಸಹಜವಾಗಿಯೇ ಮೂಡಿತ್ತು. ಆ ವರ್ಷವು ಮುಗಿಯುವುದಕ್ಕೆ ಎರಡೇ ದಿನ ಉಳಿದಿರುವಾಗ, ಡಿಸೆಂಬರ್ 29ರಂದು, ತೆರೆಗೆ ಬಂದ ‘ಮುಂಗಾರು ಮಳೆ’ ಎಂಬ ಚಿತ್ರವೂ ಅದರ ಧ್ವನಿಸುರುಳಿಯೂ ಆ ಚಿಂತೆಗೆ ಯಾರೂ ನಿರೀಕ್ಷಿಸದಿದ್ದ ಒಂದು ಉತ್ತರವನ್ನು ತಂದುವು. ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ಓಡಿದ ಆ ಚಿತ್ರದ ಕೀರ್ತಿಯನ್ನು ಇಲ್ಲಿ ಮತ್ತೆ ವರ್ಣಿಸಬೇಕಾಗಿಲ್ಲ. ನಾನು ಹೇಳಹೊರಟಿರುವುದು ಅದರ ವಿಷಾದಮಯವಾದ ಹಾಡುಗಳನ್ನು ನಮ್ಮ ಬಳ್ಳಾರಿ ಸೀಮೆಯ ಜನ, ಎಂದರೆ ನಗರದವರೂ ಸಿರುಗುಪ್ಪದವರೂ ಕುರುಗೋಡಿನವರೂ, ಹೇಗೆ ಕೇಳಿದರು, ಕೇಳಿ ಏನೆಂದರು ಎಂಬುದನ್ನು.

ಯೋಗರಾಜ ಭಟ್ಟರ ನಿರ್ದೇಶನ, ಅಮೆರಿಕದಲ್ಲಿ ನೆಲಸಿದ ಕನ್ನಡಿಗ ಮನೋಮೂರ್ತಿಯವರ ಸಂಗೀತ, ಗೋಕರ್ಣದ ಕಥೆಗಾರ ಜಯಂತ ಕಾಯ್ಕಿಣಿಯವರ ಕವಿತ್ವ, ಇವು ಕೂಡಿದ ಆ ಧ್ವನಿಸುರುಳಿಯಲ್ಲಿ ಕುನಾಲ್ ಗಾಂಜಾವಾಲಾ, ಉದಿತ್ ನಾರಾಯಣ್, ಸುನಿಧಿ ಚೌಹಾನ್, ಹೇಮಂತ್, ಪ್ರಿಯಾ ಹಿಮೇಶ್ ಮೊದಲಾದವರ ಕಂಠಗಳಿದ್ದರೂ, ಜನರ ಸ್ಮರಣೆಯಲ್ಲಿ ಅದು ಸೋನು ನಿಗಮ್ ಅವರದೇ ಆಗಿ ನಿಂತಿತು. ಅವರು ಹಾಡಿದುವು ಎರಡೇ: ಕಾಯ್ಕಿಣಿಯವರು ಬರೆದ ‘ಅನಿಸುತಿದೆ’ ಹಾಗೂ ಭಟ್ಟರೇ ಬರೆದ ಶೀರ್ಷಿಕೆಗೀತೆ. ಎರಡು ಹಾಡುಗಳಿಂದ ಒಂದು ಇಡೀ ಧ್ವನಿಸುರುಳಿಯ ಮನೋಧರ್ಮವೇ ನಿರ್ಣಯವಾದದ್ದು ವಿಚಾರಯೋಗ್ಯವಾದ ಸಂಗತಿ. ಕೇಳುಗನು ಹಾಡುಗಳನ್ನು ಎಣಿಸುವುದಿಲ್ಲ; ತನ್ನ ಅಂತರಂಗವನ್ನು ಯಾವುದು ಕಲಕಿತೋ ಅದರ ಹೆಸರಿನಿಂದಲೇ ಉಳಿದೆಲ್ಲವನ್ನೂ ಕರೆಯುತ್ತಾನೆ.

ಫರೀದಾಬಾದಿನಲ್ಲಿ 1973ರಲ್ಲಿ ಜನಿಸಿದ ಈ ಗಾಯಕನು ಆ ವೇಳೆಗೆ ಹೊಸಬನೇನೂ ಆಗಿರಲಿಲ್ಲ. ಮಹಮ್ಮದ್ ರಫಿಯವರ ಹಾಡುಗಳನ್ನು ಮತ್ತೆ ಹಾಡಿದ ಕ್ಯಾಸೆಟ್ಟುಗಳಿಂದ ಆರಂಭಿಸಿ, 1999ರ ‘ದೀವಾನಾ’ ಎಂಬ ಚಿತ್ರೇತರ ಪಾಪ್ ಧ್ವನಿಸುರುಳಿಯಿಂದ ಉತ್ತರಭಾರತದ ಯುವಜನರ ವಿರಹಕ್ಕೆ ವಾಣಿಯಾಗಿ, ‘ಕಲ್ ಹೋ ನಾ ಹೋ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದಿದ್ದರು. ಕನ್ನಡದಲ್ಲಿಯೂ ಹಿಂದೆ ಹಾಡಿದ್ದರು. ಆದರೆ ಹಾಡಿದ್ದು ಬೇರೆ, ಮನೆಯವನಾದದ್ದು ಬೇರೆ. ಎರಡನೆಯದು ಸಂಭವಿಸಿದ್ದು ಈ ಮಳೆಯಿಂದ. ನಮ್ಮ ಊರಿನ ಕೌಲ್ ಬಜಾರಿನ ಉರ್ದು ಮನೆಗಳಲ್ಲಿ ಮಾತ್ರ ಅವರ ಕಂಠವು ಅದಕ್ಕೆ ಮೊದಲೇ ಚಿರಪರಿಚಿತವಾಗಿದ್ದಿತು. ‘ದೀವಾನಾ’ ಕೇಳಿ ಬೆಳೆದ ಆ ಕೇಳುಗರಿಗೆ ‘ಅನಿಸುತಿದೆ’ಯಲ್ಲಿ ಬೆರಗೆನಿಸಿದುದು ಗಾಯಕನಲ್ಲ, ಆತನ ಬಾಯಲ್ಲಿ ಕನ್ನಡ. ನಿತ್ಯ ವ್ಯವಹಾರಕ್ಕೆ ಬಳಸುವ ನುಡಿ ಇಷ್ಟು ಕೋಮಲವಾಗಿ ಒಲವನ್ನು ನುಡಿಯಬಲ್ಲುದೆ ಎಂಬ ಅವರ ವಿಸ್ಮಯವನ್ನು ಆ ಹಾಡಿಗೆ ಸಂದ ಅತ್ಯುತ್ತಮ ಪ್ರಶಂಸೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಆ ಕಂಠದ ವಿಷಾದಕ್ಕೆ ಕಾರಣವೇನು? ರಂಗಭೂಮಿಯ ಗಾಯನವು ಕೊಟ್ಟಕೊನೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟಬೇಕಾದುದರಿಂದ ಉಸಿರನ್ನು ಕೂಡಿಸಿ, ಎದೆಯಿಂದ ಎತ್ತಿ, ಸ್ವರವನ್ನು ದೂರಕ್ಕೆ ಎಸೆಯುವಂಥದು. ಮೈಕಿನ ಗಾಯನಕ್ಕೆ ಆ ನಿರ್ಬಂಧವಿಲ್ಲ. ತುಟಿಗೆ ಕೆಲವೇ ಅಂಗುಲ ದೂರದಲ್ಲಿರುವ ಯಂತ್ರವು ಉಸಿರಿನ ಸಣ್ಣ ಸದ್ದನ್ನೂ, ಸ್ವರವು ಮುಗಿಯುವಲ್ಲಿನ ಅಲ್ಪ ಕಂಪನವನ್ನೂ ಹಿಡಿದಿಡುವುದರಿಂದ, ಗಾಯಕನು ಸಭೆಗೆ ಹಾಡದೆ ಒಬ್ಬನೇ ಒಬ್ಬನ ಕಿವಿಯಲ್ಲಿ ಹೇಳಿಕೊಳ್ಳುವಂತೆ ಹಾಡಬಹುದು. ಸೋನು ನಿಗಮ್ ಈ ವಿದ್ಯೆಯಲ್ಲಿ ನಿಪುಣರು. ದೀರ್ಘಸ್ವರಗಳನ್ನು ಒಮ್ಮೆಗೇ ನಿಲ್ಲಿಸದೆ ಜಾರಿಸಿ ಇಳಿಸುವುದು, ತಾರಸ್ಥಾಯಿಗೆ ಏರಿದಾಗಲೂ ಬಿರುಸಾಗದೆ ಧ್ವನಿಯನ್ನು ತೆಳುವಾಗಿಸುವುದು, ಪದಗಳ ನಡುವೆ ಮೌನಕ್ಕೆ ಎಡೆಗೊಡುವುದು, ಇವೆಲ್ಲ ಕೂಡಿ ಕೇಳುವವನಿಗೆ ತಾನು ಇನ್ನೊಬ್ಬನ ಏಕಾಂತವನ್ನು ಹೊಕ್ಕಂತೆ ಭಾಸವಾಗುತ್ತದೆ. ಸಕಲೇಶಪುರ, ಮಡಿಕೇರಿ, ಜೋಗಗಳ ಹಸುರಿನಲ್ಲಿ ಎಡೆಬಿಡದೆ ಸುರಿಯುವ ಮಳೆಯ ದೃಶ್ಯಗಳು ಅದಕ್ಕೆ ಒದಗಿದ ಮೇಲೆ, ವಿಷಾದಕ್ಕೂ ಮಳೆಗೂ ಅಭೇದವೇ ಏರ್ಪಟ್ಟಿತು.

ಬಳ್ಳಾರಿಯ ಕೇಳುಗನು ತಡವರಿಸಿದ್ದು ಇಲ್ಲಿಯೇ.

ವರ್ಷಕ್ಕೆ ಸುಮಾರು 500–600 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಬಿತ್ತೆಂದುಕೊಳ್ಳುವ, ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರಿ ಕಾಯುವ ಈ ನೆಲದಲ್ಲಿ ಮಳೆಯೆಂಬುದು ಶೋಕದ ಸಂಗಾತಿಯಲ್ಲ. ಕುರುಗೋಡಿನ ಕಲ್ಲುಗುಡ್ಡಗಳ ಬುಡದಿಂದ ಹಬ್ಬಿದ ಎರೆಹೊಲಗಳಲ್ಲಿ, ಮಳೆಯನ್ನೇ ನಂಬಿ ಜೋಳ ಹತ್ತಿ ಮೆಣಸಿನಕಾಯಿ ಬೆಳೆಯುವ ಒಕ್ಕಲಿಗನು ರೋಹಿಣಿ, ಮೃಗಶಿರ, ಆರಿದ್ರ ಎಂದು ನಕ್ಷತ್ರಗಳನ್ನು ಎಣಿಸುತ್ತ ಮುಗಿಲನ್ನು ನೋಡುತ್ತಾನೆ. ಮಳೆ ಹಿಂದೆಗೆದರೆ ಗುಡಿಯಲ್ಲಿ ಏಳು ದಿನ ಹಗಲಿರುಳು ಭಜನೆ ಕೂಡಿಸುತ್ತಾನೆ, ಕತ್ತೆಗಳಿಗೆ ಮದುವೆ ಮಾಡಿಸುತ್ತಾನೆ, ದೊಡ್ಡ ಬಸವೇಶ್ವರನಿಗೆ ಹರಕೆ ಹೊರುತ್ತಾನೆ. ಅಂಥವನಿಗೆ, ಮಳೆಯಲ್ಲಿ ತೊಯ್ಯುತ್ತ ನಿಂತು ಪ್ರಿಯೆಗಾಗಿ ಕಣ್ಣೀರಿಡುವ ತರುಣನ ಹಾಡನ್ನು ಕೇಳಿಸಿದರೆ, “ಮಳಿ ಬಂದ್ರ ಯಾರರ ಅಳ್ತಾರೇನ್ರಿ?” ಎಂಬ ಪ್ರಶ್ನೆ ಹುಟ್ಟದಿದ್ದೀತೇ? ಇದು ಅರಸಿಕತೆಯ ಪ್ರಶ್ನೆಯಲ್ಲ. ಕಾವ್ಯದ ಉಪಮಾನಗಳೂ ಭೂಮಿಯ ಮೇಲೆಯೇ ಬೆಳೆಯತಕ್ಕವು ಎಂಬುದನ್ನು ಯಾವ ಅಲಂಕಾರಶಾಸ್ತ್ರದ ನೆರವೂ ಇಲ್ಲದೆ ತಿಳಿದವನ ಪ್ರಶ್ನೆ. ಕಾಳಿದಾಸನ ಯಕ್ಷನು ಆಷಾಢದ ಮೇಘವನ್ನು ಕಂಡು ಮರುಗಿದನೆಂಬುದೂ ನಿಜವೇ. ಆದರೆ ಯಕ್ಷನಿಗೆ ಬಿತ್ತನೆಯ ಚಿಂತೆಯಿರಲಿಲ್ಲ.

ಆದರೂ ಕುರುಗೋಡಿನ ತರುಣರು ಆ ಹಾಡನ್ನು ತಿರಸ್ಕರಿಸಲಿಲ್ಲ. ಅವರು ಅದರಲ್ಲಿ ಮಳೆಯ ದುಃಖವನ್ನು ಕೇಳುವುದಕ್ಕೆ ಬದಲಾಗಿ ಮಳೆಯ ಆಸೆಯನ್ನೇ ಕೇಳಿದರೆಂದು ನನಗೆ ತೋರುತ್ತದೆ. ಕವಿ ಬರೆದುದು ದೊರೆತು ಕೈತಪ್ಪಿದುದರ ಅಳಲು. ಇವರು ಕೇಳಿದ್ದು ಇನ್ನೂ ದೊರೆಯದಿರುವುದರ ಹಂಬಲ. ಎರಡಕ್ಕೂ ಸ್ವರವೊಂದೇ ಆದುದರಿಂದ ಹಾಡಿಗೆ ಕೊರತೆಯೇನೂ ಆಗಲಿಲ್ಲ. ಮಲೆನಾಡಿನ ಕೇಳುಗನಿಗೆ ನಿತ್ಯದ ನೋಟವಾಗಿದ್ದ ಆ ಹಸುರು, ಆ ಹನಿ, ಆ ಮಂಜು ಇಲ್ಲಿನವರಿಗೆ ಒಂದು ಸ್ವಪ್ನಲೋಕವಾಗಿ, ಪ್ರಣಯದಷ್ಟೇ ಅಪ್ರಾಪ್ಯವಾಗಿ ಕಂಡಿತು. ಒಂದು ಧ್ವನಿಸುರುಳಿಯ ಯೋಗ್ಯತೆಯನ್ನು ಅಳೆಯುವವರು ಸಾಮಾನ್ಯವಾಗಿ ರಾಜಧಾನಿಯ ಕಿವಿಯನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ. ಈ ಎರಡನೆಯ ಅರ್ಥವು ಅವರ ಲೆಕ್ಕಕ್ಕೆ ಬಾರದೆಹೋದುದು ನನಗೆ ನಿಜವಾಗಿಯೂ ನೋವಿನ ವಿಷಯ.

ಸಿರುಗುಪ್ಪದ ಮಾತು ಬೇರೆ. ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಯ ನೀರುಂಡು ಭತ್ತದ ಕಣಜವಾಗಿರುವ ಆ ತಾಲೂಕಿನಲ್ಲಿ ರೈತನು ಮುಗಿಲಿಗಿಂತ ಹೆಚ್ಚಾಗಿ ಜಲಾಶಯದ ಮಟ್ಟವನ್ನು ವಿಚಾರಿಸುತ್ತಾನೆ. ಪೈರು ಕೊಯ್ಲಿಗೆ ಬಂದಿರುವಾಗ ಬಂಗಾಳ ಕೊಲ್ಲಿಯಿಂದ ಹೊರಟ ಅಕಾಲದ ಮಳೆಯೊಂದು ಎರಗಿದರೆ, ನಿಂತ ಭತ್ತ ನೆಲಕ್ಕೊರಗುತ್ತದೆ, ರಸ್ತೆಯ ಮೇಲೆ ಒಣಗಹಾಕಿದ ರಾಶಿ ತಾಡಪಾಲಿನ ಅಡಿಯಲ್ಲೇ ಮೊಳೆಯುತ್ತದೆ. ಮಳೆಯಿಂದ ಅಳುವುದೆಂದರೇನೆಂಬುದು ಆದುದರಿಂದ ಸಿರುಗುಪ್ಪದವರಿಗೆ ಚೆನ್ನಾಗಿ ಗೊತ್ತು. ಅವರ ಅಳುವಿನಲ್ಲಿ ಪ್ರಣಯವಿಲ್ಲ, ಸಾಲವಿದೆ. ಕಾಲುವೆ ಬಂದ ಕಾಲದಲ್ಲಿ ಆಂಧ್ರದಿಂದ ಬಂದು ‘ಕ್ಯಾಂಪು’ಗಳಲ್ಲಿ ನೆಲಸಿದ ತೆಲುಗು ಕುಟುಂಬಗಳ ಕಿವಿಯಲ್ಲಿ ಘಂಟಸಾಲರ ಕಂಠವು ಇನ್ನೂ ಮೊಳಗುತ್ತಿರುವುದನ್ನು ಇಲ್ಲಿ ನೆನೆಯಬೇಕು. 1953ರಲ್ಲಿ ತೆರೆಗೆ ಬಂದ ‘ದೇವದಾಸು’ ಚಿತ್ರದಲ್ಲಿ ಘಂಟಸಾಲರು ಹಾಡಿದ ಶೋಕಗೀತೆಗಳು ಆ ತಲೆಮಾರಿಗೆ ಭಗ್ನಪ್ರೇಮದ ಮಾನದಂಡವೇ ಆಗಿದ್ದುವು. ‘ಮುಂಗಾರು ಮಳೆ’ಯ ನಾಯಕನು ತನ್ನ ಮೊಲಕ್ಕೆ ದೇವದಾಸನೆಂದು ಹೆಸರಿಟ್ಟದ್ದನ್ನು ಅವರು ಕಂಡೊಡನೆಯೇ ಗುರುತಿಸಿ ಸಂತೋಷಪಟ್ಟರು. ಆದರೆ ಹಾಡಿನ ವಿಷಯದಲ್ಲಿ ಅವರ ತೀರ್ಪು ಕಠಿನ: ಘಂಟಸಾಲರ ದುಃಖಕ್ಕೆ ಆಳವಿತ್ತು, ಈ ಹೊಸ ದುಃಖಕ್ಕೆ ಸೌಂದರ್ಯ ಮಾತ್ರ ಇದೆ. ಈ ತೀರ್ಪಿನಲ್ಲಿ ಅರ್ಧ ಸತ್ಯವಿರುವುದನ್ನು ಅಲ್ಲಗಳೆಯಲಾರೆ. ಪಾರ್ವತಿಯನ್ನು ಕಳೆದುಕೊಂಡ ದೇವದಾಸನು ಸಾಯುತ್ತಾನೆ, ಮುಂಗಾರಿನ ನಾಯಕನು ತಾನೇ ತ್ಯಾಗಮಾಡಿ ಬದುಕುತ್ತಾನೆ. ಬದುಕುವವನ ದುಃಖಕ್ಕೆ ಬೇರೊಂದು ಮಂದ್ರ ಬೇಕು. ಸೋನು ನಿಗಮ್ ಹಾಡಿದ್ದು ಅದನ್ನು.

ಇನ್ನು ಬಳ್ಳಾರಿ ನಗರ. ಆ ಹಾಡುಗಳು ಬಂದ ಕಾಲವು ಈ ಊರಿನ ಚರಿತ್ರೆಯಲ್ಲಿ ಕೆಂಪು ಧೂಳಿನ ಕಾಲ. ಚೀನಾದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಉಕ್ಕಿ, ಸಂಡೂರಿನ ಬೆಟ್ಟಗಳನ್ನು ಅಗೆದು ತುಂಬಿದ ಲಾರಿಗಳು ಹಗಲಿರುಳೆನ್ನದೆ ಬಂದರುಗಳ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದುವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೂ ಈ ಮೆರವಣಿಗೆ ನಡೆಯಿತು. ಮನೆ ಬಿಟ್ಟು ವಾರಗಟ್ಟಲೆ ಬೇಲೇಕೇರಿಯ ದಾರಿಯಲ್ಲೋ ಕೃಷ್ಣಪಟ್ಟಣದ ದಾರಿಯಲ್ಲೋ ಇರುಳು ಕಳೆಯುತ್ತಿದ್ದ ಲಾರಿ ಚಾಲಕರು ಈ ಧ್ವನಿಸುರುಳಿಯ ಪರಮಭಕ್ತರಾದರು. ಕ್ಯಾಸೆಟ್ಟಿನ ಕಾಲ ಮುಗಿಯುತ್ತ, ಎಂಪಿ3 ಸಿ.ಡಿ.ಯೂ ಮೊಬೈಲಿನ ಮೆಮೊರಿ ಕಾರ್ಡೂ ಬರುತ್ತಿದ್ದ ದಿನಗಳವು. ಅಂಗಡಿಯವನು ಕಾರ್ಡಿಗೆ ತುಂಬಿಕೊಟ್ಟ ನೂರು ಹಾಡುಗಳಲ್ಲಿ ಈ ಎರಡು ಇದ್ದೇ ಇರುತ್ತಿದ್ದುವು. ಘಟ್ಟವಿಳಿಯುವಾಗ ಅವರಿಗೆ ಹಾಡಿನ ಮಳೆಯೂ ಮುಂಗಾಜಿನ ಮೇಲಿನ ಮಳೆಯೂ ಒಂದಾಗುತ್ತಿದ್ದಿರಬೇಕು. ಬಳ್ಳಾರಿಯವರಲ್ಲಿ ಆ ಹಾಡನ್ನು ಅದರ ಜನ್ಮಭೂಮಿಯಲ್ಲಿ ಕೇಳಿದವರು ಅವರೇ. ಇದಕ್ಕೆ ವ್ಯತಿರಿಕ್ತವಾಗಿ, ನಗರದ ಜೀನ್ಸ್ ಹೊಲಿಗೆಯ ಕಾರ್ಖಾನೆಗಳಲ್ಲಿ ಯಂತ್ರಗಳ ಗದ್ದಲದ ನಡುವೆ ಮೃದುಕಂಠವು ಕೇಳಿಸುವುದೇ ದುಸ್ತರವಾದುದರಿಂದ, ಅಲ್ಲಿಯವರಿಗೆ ಒಪ್ಪಿದುದು ತಾಳಪ್ರಧಾನವಾದ ‘ಕುಣಿದು ಕುಣಿದು ಬಾರೆ’. ಮೈಕಿನ ಗಾಯನಕ್ಕೆ ನಿಶ್ಶಬ್ದವೆಂಬ ಭಾಗ್ಯ ಬೇಕು, ದುಡಿಯುವ ಎಲ್ಲರಿಗೂ ಆ ಭಾಗ್ಯವಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ಎದ್ದ ವಾದವು ಎಲ್ಲಕ್ಕಿಂತ ದೀರ್ಘವಾದುದು. 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದಲ್ಲಿದ್ದು, ಬಳಿಕ ಮೈಸೂರು ರಾಜ್ಯಕ್ಕೆ ಸೇರುವಾಗ ಕನ್ನಡ ತೆಲುಗುಗಳ ತೀಕ್ಷ್ಣ ವಿವಾದವನ್ನು ಕಂಡ ಊರು ಇದು. ಇಲ್ಲಿ ನುಡಿಯ ಶುದ್ಧಿಯೆಂದರೆ ಪಂಡಿತರ ಹವ್ಯಾಸವಲ್ಲ, ನಾಡಿನ ಅಸ್ತಿತ್ವದ ಪ್ರಶ್ನೆ. ಕನ್ನಡದ ಗಾಯಕರು ಇಲ್ಲವೇ, ಮುಂಬಯಿಯಿಂದಲೇ ತರಬೇಕೇ ಎಂದು ಕೇಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಕಳವಳವು ನ್ಯಾಯವಾದುದೇ. ಹಿಂದಿಯಲ್ಲಿ ಎ ಏ, ಒ ಓ ಎಂಬ ಹ್ರಸ್ವದೀರ್ಘಭೇದವಿಲ್ಲ. ಳಕಾರವೂ ಆಡುಮಾತಿನಲ್ಲಿ ಇಲ್ಲ. ಆದುದರಿಂದ ಅಲ್ಲಿಂದ ಬರುವ ಗಾಯಕರು ಹ್ರಸ್ವವನ್ನು ಎಳೆದು, ಳಕಾರವನ್ನು ಲಕಾರ ಮಾಡಿ ಕನ್ನಡವನ್ನು ಕೆಡಿಸುವುದು ಅನೇಕ ಹಾಡುಗಳಲ್ಲಿ ಕಿವಿಗೆ ಮುಳ್ಳಾಗಿ ಚುಚ್ಚುತ್ತದೆ. ಸೋನು ನಿಗಮ್ ಈ ದೋಷದಿಂದ ಬಹುಮಟ್ಟಿಗೆ ಪಾರಾದವರು. ಮಳೆಯ ಹಾಡಿನಲ್ಲಿ ಳಕಾರವೇ ತಪ್ಪಿದ್ದರೆ ಹಾಡೆಲ್ಲಿ ಉಳಿಯುತ್ತಿತ್ತು? ನಮ್ಮ ಕನ್ನಡ ಮೇಷ್ಟ್ರುಗಳ ಮೆಚ್ಚುಗೆಯನ್ನು ಅವರು ಸಂಪಾದಿಸಿದ್ದು ಈ ಎಚ್ಚರದಿಂದಲೇ. 2007ರ ‘ಮಿಲನ’, 2008ರ ‘ಗಾಳಿಪಟ’ಗಳ ಹಾಡುಗಳಲ್ಲಿ ಆ ಎಚ್ಚರವು ಅಭ್ಯಾಸವಾಗಿ ಪರಿಣಮಿಸಿದ್ದನ್ನು ಕಾಣಬಹುದು.

ಬಳ್ಳಾರಿ ರಾಘವರ ಊರಿನ ಹಿರಿಯರು, ಸುಭದ್ರಮ್ಮ ಮನ್ಸೂರರ ರಂಗಗೀತೆಗಳನ್ನು ಕಿವಿಯಾರೆ ಕೇಳಿದವರು, ಈ ಹಾಡುಗಳನ್ನು ಕೇಳಿ “ಚಲೋ ಐತಿ, ಆದ್ರ ದನಿ ತೆಳು” ಎನ್ನುವುದುಂಟು. ಮೈಕಿನ ಹಂಗಿಲ್ಲದೆ ಇರುಳೆಲ್ಲ ಹಾಡಿ ಕರುಣರಸವನ್ನು ಸಾವಿರ ಜನಕ್ಕೆ ಹಂಚುತ್ತಿದ್ದ ಆ ಪರಂಪರೆಯ ಮುಂದೆ ಏಕಾಂತದ ಈ ಪಿಸುನುಡಿ ಅವರಿಗೆ ಕೃಶವಾಗಿ ಕಂಡರೆ ಆಶ್ಚರ್ಯವಿಲ್ಲ. ಪಿ. ಬಿ. ಶ್ರೀನಿವಾಸರ ಮೃದುತ್ವವನ್ನು ಒಪ್ಪಿದವರು ಇದನ್ನು ಏಕೆ ಒಪ್ಪಬಾರದೆಂದು ನಾನು ವಾದಿಸಬಲ್ಲೆ. ಆದರೆ ಬಯಲಾಟದ ಅಂಗಳದಲ್ಲಿ ಒಟ್ಟಾಗಿ ಅತ್ತವರಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಅಳುವುದು ವಿಚಿತ್ರವಾಗಿಯೇ ತೋರುವುದೆಂಬುದನ್ನು ಬಲ್ಲೆ.

2025ರ ಏಪ್ರಿಲಿನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ, ಕನ್ನಡ ಹಾಡಿಗೆ ಒತ್ತಾಯಿಸಿದವರನ್ನು ಕುರಿತು ಸೋನು ನಿಗಮ್ ಆಡಿದ ಮಾತು ಕನ್ನಡಿಗರನ್ನು ನೋಯಿಸಿತು. ಕರ್ನಾಟಕ ಚಲನಚಿತ್ರ ವಾಣಿಜ್ಯಮಂಡಳಿಯು ಅಸಹಕಾರವನ್ನು ಘೋಷಿಸಿತು, ಅವರು ಮೇ ತಿಂಗಳಿನಲ್ಲಿ ಕ್ಷಮೆ ಕೇಳಿದರು. ಅಂದಿನಿಂದ ನಮ್ಮ ಕಡೆಯ ಕೇಳುಗರಲ್ಲಿ ಎರಡು ಪಕ್ಷಗಳು. ಹಾಡಿದವನು ಬೇರೆ, ಹಾಡು ನಮ್ಮದು ಎನ್ನುವವರು ಕೆಲವರು. ಮನಸ್ಸು ಮುರಿದ ಮೇಲೆ ಆ ಕಂಠ ಮೊದಲಿನಂತೆ ಕೇಳಿಸದು ಎನ್ನುವವರು ಕೆಲವರು. ನಾನು ಮೊದಲನೆಯ ಪಕ್ಷದವನು. ಕಾಯ್ಕಿಣಿಯವರ ಪದ, ಮನೋಮೂರ್ತಿಯವರ ರಾಗ, ಕುರುಗೋಡಿನವರು ಅದರಲ್ಲಿ ಕೇಳಿದ ತಮ್ಮದೇ ಮಳೆ, ಇವುಗಳಲ್ಲಿ ಯಾವುದನ್ನೂ ಆ ಮಾತು ಮುಟ್ಟಲಾರದು. ಆದರೆ ಎರಡನೆಯ ಪಕ್ಷದವರು ಆ ಹಾಡನ್ನು ನನಗಿಂತ ಹೆಚ್ಚಾಗಿ ಪ್ರೀತಿಸಿದ್ದವರೆಂಬುದನ್ನೂ, ಅವರ ನೋವು ಆ ಪ್ರೀತಿಯಿಂದಲೇ ಬಂದುದೆಂಬುದನ್ನೂ ಮನಸಾರೆ ಒಪ್ಪುತ್ತೇನೆ.